ಮೇಲೆ ಥಳಕು, ಒಳಗೆ ಹುಳುಕು: ಮಾರಾಟಕ್ಕಿಟ್ಟ ಮನೆಯ ಹಳೆಯ ತಕರಾರು

ಮನೆ ಮಾರುವುದೆಂದು ತೀರ್ಮಾನವಾದ ಮರುವಾರವೇ ಬಣ್ಣ ಬಳಿಯುವವರು ಬರುತ್ತಾರೆ. ವರ್ಷಗಟ್ಟಲೆ ತೊಟ್ಟಿಕ್ಕಿದ ನಲ್ಲಿಗೆ ಹೊಸ ವಾಷರು ಬೀಳುತ್ತದೆ. ಕಿರುಗುಟ್ಟುತ್ತಿದ್ದ ಬಾಗಿಲಿನ ಕೀಲು ಎಣ್ಣೆ ಕಾಣುತ್ತದೆ. ಮಲಗುವ ಕೋಣೆಯ ಮೂಲೆಯಲ್ಲಿದ್ದ ತೇವದ ಕಲೆ ಪುಟ್ಟಿಯ ಕೆಳಗೆ ಮರೆಯಾಗುತ್ತದೆ. ತಾವು ವಾಸವಿದ್ದಾಗ ಮಾಡಿಸದ ರಿಪೇರಿಯನ್ನು ಯಾರೋ ಬರುವವರಿಗಾಗಿ ಮಾಡಿಸುವ ಈ ಸೋಜಿಗಕ್ಕೆ ಮನೆಯವರೇ ನಗುವುದುಂಟು. ಸಣ್ಣಪುಟ್ಟದ್ದಕ್ಕೆಲ್ಲ ಯಾಕೆ ದುಡ್ಡು ಸುರಿಯಬೇಕು, ಕೊಳ್ಳುವವನು ಹೇಗಿದ್ದರೂ ಒಡೆದು ಕಟ್ಟುತ್ತಾನೆ ಎಂದು ಒಬ್ಬರು. ಹತ್ತು ಸಾವಿರದ ಬಣ್ಣ ಲಕ್ಷ ರೂಪಾಯಿ ಬೆಲೆ ಏರಿಸುತ್ತದೆ ಎಂದು ಇನ್ನೊಬ್ಬರು.

ಮೇಲಿನ ಮೂರು ಕೆಲಸಗಳೂ ಮೇಸ್ತ್ರಿಯ ಲೆಕ್ಕದಲ್ಲಿ ಒಂದೇ ಜಾತಿಯವು. ಆದರೆ ನಲ್ಲಿ ಮತ್ತು ಬಾಗಿಲಿಗೆ ಆದದ್ದು ದುರಸ್ತಿ. ಮೂಲೆಯ ಕಲೆಗೆ ಆದದ್ದೇನು? ಅದು ನೀರು ಎಲ್ಲಿಂದ ಬರುತ್ತಿತ್ತು ಎಂಬುದರ ಮೇಲೆ ನಿಂತಿದೆ. ನೀರು ನಿಂತಿದ್ದರೆ ದುರಸ್ತಿ, ನಿಲ್ಲದಿದ್ದರೆ ಮುಚ್ಚಿಡುವಿಕೆ. ಈ ಎರಡರ ನಡುವಿನ ಗೆರೆ ಎಲ್ಲಿದೆ ಎಂಬುದು ನ್ಯಾಯಶಾಸ್ತ್ರದ ಬಹು ಹಳೆಯ ತಕರಾರುಗಳಲ್ಲಿ ಒಂದು.

ಕ್ರಿಸ್ತಪೂರ್ವ 18ನೆಯ ಶತಮಾನದ ಬ್ಯಾಬಿಲೋನಿನ ದೊರೆ ಹಮ್ಮುರಾಬಿಯ ಕಟ್ಟಳೆಗಳಲ್ಲಿ ಮನೆ ಕಟ್ಟುವವನ ಹೊಣೆಯ ಬಗ್ಗೆ ಕೆಲವು ನಿಯಮಗಳಿವೆ. ಕಟ್ಟಿದ ಮನೆ ಕುಸಿದು ಯಜಮಾನ ಸತ್ತರೆ ಕಟ್ಟಿದವನಿಗೆ ಮರಣದಂಡನೆ. ಇದು ಎಲ್ಲರೂ ಉಲ್ಲೇಖಿಸುವ ನಿಯಮ. ಅದೇ ಸಾಲಿನ ಕೊನೆಯಲ್ಲಿ ಅಷ್ಟು ಪ್ರಸಿದ್ಧವಲ್ಲದ ಇನ್ನೊಂದಿದೆ: ಗೋಡೆ ವಾಲಿದರೆ ಕಟ್ಟಿದವನು ಸ್ವಂತ ಖರ್ಚಿನಲ್ಲಿ ಅದನ್ನು ಭದ್ರಪಡಿಸಬೇಕು. ಮನೆ ಬೀಳುವುದಕ್ಕೆ ಮೊದಲು ಗೋಡೆ ವಾಲುತ್ತದೆ, ದೊಡ್ಡ ಅನಾಹುತ ಸಣ್ಣ ಕುಂದಿನ ರೂಪದಲ್ಲಿ ಮೊದಲು ಮುಖ ತೋರಿಸುತ್ತದೆ ಎಂಬ ತಿಳಿವಳಿಕೆ ಅಲ್ಲಿದೆ. ಆದರೆ ಆ ನಿಯಮಗಳು ಮಾತಾಡುವುದು ಕಟ್ಟಿದವನ ಬಗ್ಗೆ. ಇದ್ದ ಮನೆಯನ್ನು ಮಾರುವವನ ಮನಸ್ಸಿನೊಳಕ್ಕೆ ಇಳಿದವರು ಗ್ರೀಕ್ ಮತ್ತು ರೋಮನ್ ಚಿಂತಕರು.

ಕ್ರಿಸ್ತಪೂರ್ವ 44ರಲ್ಲಿ, ಜೂಲಿಯಸ್ ಸೀಸರ್ ಕೊಲೆಯಾದ ವರ್ಷ, ಸಿಸಿರೋ ಅಥೆನ್ಸಿನಲ್ಲಿ ಓದುತ್ತಿದ್ದ ಮಗನಿಗೆ ಕರ್ತವ್ಯಗಳ ಬಗ್ಗೆ ಒಂದು ದೊಡ್ಡ ಗ್ರಂಥ ಬರೆದ. ಅದರ ಮೂರನೆಯ ಭಾಗದಲ್ಲಿ ಒಂದು ಮನೆ ಮಾರಾಟಕ್ಕಿದೆ. ನೋಡಿದವರಿಗೆಲ್ಲ ಆರೋಗ್ಯಕರವಾದ ಮನೆ. ಅದರ ಕೋಣೆಕೋಣೆಯಲ್ಲೂ ಹಾವು ಕಾಣಿಸಿಕೊಳ್ಳುತ್ತವೆ, ಮರಮುಟ್ಟು ಕಳಪೆ, ಇಂದೋ ನಾಳೆಯೋ ಬೀಳುವಂತಿದೆ. ಈ ಸಂಗತಿ ಗೊತ್ತಿರುವುದು ಯಜಮಾನನಿಗೆ ಮಾತ್ರ. ಅವನು ಸುಮ್ಮನಿದ್ದು ಒಳ್ಳೆಯ ಬೆಲೆಗೆ ಮಾರಿದರೆ ಅನ್ಯಾಯ ಮಾಡಿದಂತೆಯೇ?

ಈ ಪ್ರಶ್ನೆಗೆ ಸಿಸಿರೋ ಇಬ್ಬರು ಸ್ಟೋಯಿಕ್ ತತ್ವಜ್ಞಾನಿಗಳನ್ನು ಎದುರುಬದುರು ನಿಲ್ಲಿಸುತ್ತಾನೆ. ಒಬ್ಬ ಬ್ಯಾಬಿಲೋನಿನ ಡಯೋಜಿನೀಸ್. ಹಗಲಲ್ಲಿ ದೀಪ ಹಿಡಿದು ತಿರುಗಿದನೆಂಬ ಕಥೆಯ ಡಯೋಜಿನೀಸ್ ಬೇರೆ. ಇನ್ನೊಬ್ಬ ಅವನ ಶಿಷ್ಯ, ಟಾರ್ಸಸ್ಸಿನ ಆಂಟಿಪೇಟರ್. ಶಿಷ್ಯನ ವಾದ: ಕೊಳ್ಳುವವನು ಕಣ್ಣೆದುರೇ ಹಳ್ಳಕ್ಕೆ ಬೀಳುತ್ತಿರುವಾಗ ಸುಮ್ಮನಿರುವುದು, ದಾರಿ ತಪ್ಪಿದವನಿಗೆ ದಾರಿ ಹೇಳದಿರುವುದಕ್ಕಿಂತ ದೊಡ್ಡ ತಪ್ಪು. ಗುರುವಿನ ವಾದ: ಕೊಳ್ಳೆಂದು ಅವನನ್ನು ಯಾರೂ ಬಲವಂತ ಮಾಡಲಿಲ್ಲ. ಮಾರುವವನಿಗೆ ಬೇಡವಾದದ್ದನ್ನು ಕೊಳ್ಳುವವನು ಇಷ್ಟಪಟ್ಟು ಕೊಂಡ. ನೋಡಿ ಕೊಳ್ಳುವ ಅವಕಾಶವಿದ್ದಾಗ ಮೋಸ ಎಲ್ಲಿಯದು? ತನ್ನ ಮನೆ ರೋಗದ ಗೂಡು ಎಂದು ಡಂಗುರ ಸಾರಿಸಿ ಮಾರುವ ಮೂರ್ಖ ಯಾರಿದ್ದಾನೆ?

ಡಯೋಜಿನೀಸನ ಮಾತನ್ನು ಇವತ್ತಿಗೂ ಎಲ್ಲ ಊರಿನ ಬ್ರೋಕರುಗಳು ತಮ್ಮದೇ ನುಡಿಯಲ್ಲಿ ಹೇಳುತ್ತಾರೆ. ಸಿಸಿರೋ ಶಿಷ್ಯನ ಪಕ್ಷ ಹಿಡಿದ. ಎಲ್ಲವನ್ನೂ ಹೇಳದಿರುವುದು ಮುಚ್ಚಿಡುವುದಲ್ಲ ಎಂಬುದನ್ನು ಅವನೂ ಒಪ್ಪುತ್ತಾನೆ. ಆದರೆ ತನಗೆ ಗೊತ್ತಿರುವುದು, ಗೊತ್ತಾದರೆ ಎದುರಿನವನಿಗೆ ಉಪಯೋಗವಾಗುವುದು, ಅದನ್ನು ತನ್ನ ಲಾಭಕ್ಕಾಗಿ ತಿಳಿಯದಂತೆ ಇಟ್ಟರೆ ಅದು ಮುಚ್ಚಿಡುವಿಕೆ ಎಂದು ಗೆರೆ ಎಳೆಯುತ್ತಾನೆ.

ಇದಕ್ಕೆ ಅವನು ಕೊಡುವ ಉದಾಹರಣೆಗಳು ನ್ಯಾಯಾಲಯದಿಂದ ಬಂದವು. ರೋಮಿನ ಸೀಲಿಯನ್ ಬೆಟ್ಟದ ಮೇಲೆ ಕ್ಲಾಡಿಯಸ್ ಸೆಂಟುಮಾಲಸ್ ಎಂಬವನ ಮನೆಯಿತ್ತು. ಶಕುನ ನೋಡುವ ಪುರೋಹಿತರಿಗೆ ಅದರ ಎತ್ತರ ಅಡ್ಡಬಂತು. ಒಡೆಯಬೇಕೆಂದು ಅವರು ಆಜ್ಞೆ ಕೊಟ್ಟರು. ಆತ ಒಡೆಯಲಿಲ್ಲ, ಮಾರಾಟಕ್ಕಿಟ್ಟ. ಕ್ಯಾಲ್ಪೂರ್ನಿಯಸ್ ಲನೇರಿಯಸ್ ಎಂಬವನು ಕೊಂಡ. ಅವನಿಗೂ ಅದೇ ಆಜ್ಞೆ ಬಂತು, ಅವನು ಒಡೆದ. ಆಮೇಲೆ ಹಿಂದಿನ ಸಂಗತಿ ತಿಳಿದು ವ್ಯಾಜ್ಯ ಹೂಡಿದ. ತೀರ್ಪು ಕೊಟ್ಟವನು ಮಾರ್ಕಸ್ ಕೇಟೋ, ಸೀಸರನ ವಿರೋಧಿಯಾಗಿ ಹೆಸರಾದ ಕೇಟೋವಿನ ತಂದೆ. ಮಾರುವಾಗ ಗೊತ್ತಿತ್ತು, ಹೇಳಲಿಲ್ಲ, ಆದ್ದರಿಂದ ನಷ್ಟ ತುಂಬಿಕೊಡಬೇಕು. ಇಷ್ಟೇ ತೀರ್ಪು.

ಇನ್ನೊಂದು ವ್ಯಾಜ್ಯ ತುಸು ತಮಾಷೆಯದು. ಮೇರಿಯಸ್ ಗ್ರಾಟಿಡಿಯಾನಸ್ ಎಂಬವನು ಸರ್ಜಿಯಸ್ ಓರಾಟನಿಗೆ ಒಂದು ಮನೆ ಮಾರಿದ. ಆ ಮನೆಯ ಮೇಲೆ ಪರರ ಹಕ್ಕೊಂದಿತ್ತು, ಅದನ್ನು ಪತ್ರದಲ್ಲಿ ಕಾಣಿಸಿರಲಿಲ್ಲ. ಓರಾಟ ದಾವೆ ಹಾಕಿದ. ಆದರೆ ಆ ಮನೆಯನ್ನು ಕೆಲವೇ ವರ್ಷಗಳ ಹಿಂದೆ ಗ್ರಾಟಿಡಿಯಾನಸನಿಗೆ ಮಾರಿದ್ದವನು ಇದೇ ಓರಾಟ! ಗೊತ್ತಿದ್ದವನಿಗೆ ಏನನ್ನು ಮುಚ್ಚಿಟ್ಟ ಹಾಗಾಯಿತು ಎಂಬುದು ಎದುರು ವಕೀಲನ ವಾದ. ಕುಂದಿರುವುದು ತಪ್ಪಲ್ಲ, ಕುಂದಿನ ಅರಿವು ಒಬ್ಬನ ಬಳಿ ಮಾತ್ರ ಇರುವುದೇ ತೊಡಕು ಎಂಬುದು ಈ ಎರಡು ಪ್ರಕರಣಗಳನ್ನು ಜೊತೆಗಿಟ್ಟರೆ ಸ್ಪಷ್ಟವಾಗುತ್ತದೆ.

6ನೆಯ ಶತಮಾನದಲ್ಲಿ ಜಸ್ಟಿನಿಯನ್ ಚಕ್ರವರ್ತಿ ಮಾಡಿಸಿದ ಕಾನೂನು ಸಂಗ್ರಹದಲ್ಲಿ ಹಳೆಯ ನ್ಯಾಯಪಂಡಿತರ ಒಂದು ಅಭಿಪ್ರಾಯ ಸೇರಿದೆ. ಹುಳುಕು ಹಿಡಿದ ತೊಲೆಯೊಂದನ್ನು ಒಬ್ಬ ಮಾರುತ್ತಾನೆ. ಹುಳುಕು ಅವನಿಗೂ ಗೊತ್ತಿರದಿದ್ದರೆ, ಗೊತ್ತಿದ್ದಿದ್ದರೆ ಕೊಳ್ಳುವವನು ಎಷ್ಟು ಕಡಿಮೆ ಬೆಲೆಗೆ ಕೊಳ್ಳುತ್ತಿದ್ದನೋ ಅಷ್ಟನ್ನು ಹಿಂದಿರುಗಿಸಿದರೆ ಸಾಕು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರೆ ತೊಲೆಯ ಬೆಲೆ ಸಾಲದು. ಆ ತೊಲೆಯಿಂದಾಗಿ ಮನೆ ಬಿದ್ದರೆ ಇಡೀ ಮನೆಯ ಬೆಲೆಯನ್ನೇ ಕೊಡಬೇಕು. ಕುಂದು ಒಂದೇ, ಮೌನದಿಂದ ಅದರ ಬೆಲೆ ಬೆಳೆಯಿತು. ಸಣ್ಣ ದೋಷಕ್ಕೂ ದೊಡ್ಡ ದೋಷಕ್ಕೂ ಇರುವ ವ್ಯತ್ಯಾಸವನ್ನು ಗಾತ್ರದಲ್ಲಿ ಹುಡುಕಬಾರದು ಎಂಬ ಪಾಠ ಅಲ್ಲಿದೆ.

ನಮ್ಮ ಕಡೆಗೆ ಬರೋಣ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳ ಕಣ್ಣಿಗೆ ಬಿದ್ದು 1909ರಲ್ಲಿ ಅಚ್ಚಾದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮನೆ, ಹೊಲ, ಕೆರೆಗಳ ಮಾರಾಟಕ್ಕೆಂದೇ ಒಂದು ಪ್ರಕರಣವಿದೆ. ಕೊಳ್ಳುವ ಮೊದಲ ಅವಕಾಶ ಜ್ಞಾತಿಗಳಿಗೆ, ಆಮೇಲೆ ನೆರೆಯವರಿಗೆ, ಆಮೇಲೆ ಸಾಲ ಕೊಟ್ಟವರಿಗೆ, ಕಡೆಗೆ ಹೊರಗಿನವರಿಗೆ. ಮಾರುವವರು ನೆರೆಯ ನಲವತ್ತು ಕುಲಗಳ ಎದುರು, ಆ ಮನೆಯ ಮುಂದೆಯೇ ನಿಂತು ಮಾರಾಟವನ್ನು ಸಾರಬೇಕು. ಎಲ್ಲೆಗಳನ್ನು ಇದ್ದದ್ದು ಇದ್ದ ಹಾಗೆ ಹೇಳಬೇಕು. ಬೆಲೆಯನ್ನು ಮೂರು ಸಲ ಕೂಗಬೇಕು. ಮಾಡು ಸೋರುತ್ತದೆಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಕೇಳಬೇಕಾಗಿಯೂ ಇಲ್ಲ. ಯಾರ ಮನೆಯ ಗೋಡೆ ಯಾವ ಮಳೆಗೆ ಕುಸಿದಿತ್ತು ಎಂಬುದು ನಲವತ್ತು ಮನೆಯ ನೆರೆಹೊರೆಗೆ ಗೊತ್ತಿಲ್ಲದ ಸಂಗತಿಯೇ?

ಮನೆಯ ಮಾತು ಹೀಗಾದರೆ ಸರಕಿನ ವಿಚಾರದಲ್ಲಿ ಧರ್ಮಶಾಸ್ತ್ರ ಬಿಗಿಯಾಗಿತ್ತು. ಕೆಟ್ಟ ವಸ್ತುವನ್ನು ಕೆಡದ ವಸ್ತುವಿನಂತೆ ಮಾರಿದವನಿಗೆ ಬೆಲೆಯ ಎರಡರಷ್ಟು ದಂಡ ಎನ್ನುತ್ತದೆ ಯಾಜ್ಞವಲ್ಕ್ಯ ಸ್ಮೃತಿ. ಕೊಂಡ ಮೇಲೆ ಪರೀಕ್ಷಿಸಿ ನೋಡಲು ದಿನಗಳ ಗಡುವನ್ನೂ ಅದು ಕೊಡುತ್ತದೆ: ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು, ಭಾರ ಹೊರುವ ಪ್ರಾಣಿಗೆ ಐದು, ರತ್ನಕ್ಕೆ ಏಳು, ಹಾಲು ಕರೆಯುವ ದನಕ್ಕೆ ಮೂರು. ಈ ಸ್ಮೃತಿಗೆ ದೇಶದ ಬಹುಭಾಗ ಒಪ್ಪಿದ ವ್ಯಾಖ್ಯಾನವಾದ ಮಿತಾಕ್ಷರವನ್ನು ವಿಜ್ಞಾನೇಶ್ವರ ಬರೆದದ್ದು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಲ್ಯಾಣದಲ್ಲಿ, ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ. ಆ ಗಡುವಿನ ಪಟ್ಟಿಯಲ್ಲಿ ಮನೆಯಿಲ್ಲ. ಎತ್ತನ್ನು ಹೂಡಿ ನೋಡಬಹುದು, ಬೀಜವನ್ನು ಬಿತ್ತಿ ನೋಡಬಹುದು. ಮನೆಯನ್ನು ಪರೀಕ್ಷಿಸಲು ಒಂದು ಮಳೆಗಾಲವಾದರೂ ಬೇಕು.

ನಮ್ಮ ಹಳೆಯ ಕ್ರಯಪತ್ರಗಳೂ ಇದೇ ಜಾಡಿನವು. ನಿಧಿ, ನಿಕ್ಷೇಪ, ಜಲ, ಪಾಷಾಣ ಎಂದು ಅಷ್ಟಭೋಗಗಳನ್ನು ಒಪ್ಪಿಸಿಕೊಡುವ ಶಾಸನಗಳ ಮಾತು ಇಂದಿನ ನೋಂದಣಿ ಕಚೇರಿಯ ಪತ್ರಗಳವರೆಗೂ ಹರಿದುಬಂದಿದೆ. ನೆಲದಡಿಯ ನಿಧಿಯ ಬಗ್ಗೆ ಪತ್ರ ಮಾತಾಡುತ್ತದೆ, ತಾರಸಿಯ ಬಿರುಕಿನ ಬಗ್ಗೆ ಇಲ್ಲ. ಚಕ್ಕುಬಂದಿ ನಾಲ್ಕು ದಿಕ್ಕಿಗೂ ಪಕ್ಕಾ. ಗೋಡೆಯೊಳಗಿನ ಕೊಳವೆ ಎತ್ತ ಹೋಗುತ್ತದೆ ಎಂಬುದಕ್ಕೆ ದಿಕ್ಕಿಲ್ಲ.

ಇದಕ್ಕೆ ಕಾರಣ ಆಗಿನ ಮನೆಗಳ ಸ್ವಭಾವದಲ್ಲೇ ಇದ್ದೀತು. ಮಣ್ಣಿನ ಗೋಡೆ, ನಾಡಹೆಂಚಿನ ಮಾಡು ಎಂದರೆ ವರ್ಷವರ್ಷವೂ ಕೈ ಬೇಡುವ ವಸ್ತು. ಮಳೆಗೆ ಮುಂಚೆ ಹೆಂಚು ಕೈಯಾಡಿಸಬೇಕು, ಹಬ್ಬಕ್ಕೆ ಸುಣ್ಣ ಬಳಿಯಬೇಕು, ನೆಲ ಸಾರಿಸಬೇಕು. ಬಾಸೆಲ್ ಮಿಷನ್ ಮಂಗಳೂರಿನಲ್ಲಿ 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಒಂದಕ್ಕೊಂದು ಕಚ್ಚಿಕೊಳ್ಳುವ ಹೆಂಚು ಬಂದು ಆ ಕೆಲಸ ಹಗುರವಾಯಿತು. ಆಗಲೂ ಒಡೆದ ಹೆಂಚು ಕೆಳಗೆ ನಿಂತವನಿಗೆ ಕಾಣುತ್ತಿತ್ತು, ತೂತಿನಿಂದ ಬಿಸಿಲುಕೋಲೇ ಇಳಿಯುತ್ತಿತ್ತು. ದೋಷ ಬಯಲಲ್ಲಿತ್ತು. ಕಾಂಕ್ರೀಟು, ಗೋಡೆಯೊಳಗಿನ ವೈರಿಂಗು, ನೆಲದಡಿಯ ಕೊಳವೆ ಬಂದ ಮೇಲೆ ದೋಷ ಒಳಗೆ ಸೇರಿಕೊಂಡಿತು. ಅದೇ ಹೊತ್ತಿಗೆ ಕೊಳ್ಳುವವನು ನೆರೆಯವನಾಗಿ ಉಳಿಯಲಿಲ್ಲ, ಅಪರಿಚಿತನಾದ. ನಲವತ್ತು ಮನೆಗಳ ಸಾಕ್ಷಿ ಹೋಗಿ ಒಬ್ಬ ಬ್ರೋಕರ್ ಉಳಿದ.

ಇಂಗ್ಲೆಂಡಿನ ಕಾನೂನು ಬಹುಕಾಲ ಡಯೋಜಿನೀಸನ ಹಾದಿಯಲ್ಲೇ ನಡೆಯಿತು. ಕೊಳ್ಳುವವನೇ ಎಚ್ಚರವಾಗಿರಲಿ ಎಂಬುದು ಅದರ ಮಂತ್ರ. 1603ರ ಒಂದು ಪ್ರಕರಣದಲ್ಲಿ ಅಕ್ಕಸಾಲಿಯೊಬ್ಬ ವಿಷಹಾರಿಯೆಂದು ನಂಬಲಾಗಿದ್ದ ಬೆಜೋರ್ ಕಲ್ಲನ್ನು ನೂರು ಪೌಂಡಿಗೆ ಮಾರಿದ್ದ. ಅದು ಆ ಕಲ್ಲೇ ಆಗಿರಲಿಲ್ಲ. ಅಕ್ಕಸಾಲಿ ಹಾಗೆಂದು ಹೇಳಿದ್ದನೇ ಹೊರತು ಖಾತ್ರಿ ಕೊಟ್ಟಿರಲಿಲ್ಲ ಎಂದು ಕೊಂಡವನಿಗೆ ಪರಿಹಾರ ಸಿಗಲಿಲ್ಲ.

ಈ ಮಂತ್ರ ಭಾರತಕ್ಕೂ ಬಂತು, ಆದರೆ ಒಂದು ಕುತೂಹಲದ ತಿರುವಿನೊಡನೆ. 1872ರ ಭಾರತೀಯ ಒಪ್ಪಂದ ಕಾಯಿದೆ ತನ್ನ 17ನೆಯ ಕಲಮಿನಲ್ಲಿ ಕುದುರೆಯ ಉದಾಹರಣೆ ಕೊಡುತ್ತದೆ. ಕುದುರೆಗೆ ಊನವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರಿದರೆ ಅದು ವಂಚನೆಯಲ್ಲ. ಕೊಳ್ಳುವವಳು ಆಗಷ್ಟೇ ವಯಸ್ಕಳಾದ ಮಗಳಾಗಿದ್ದರೆ ಮಾತ್ರ ಹೇಳುವ ಹೊಣೆ ತಂದೆಯ ಮೇಲೆ ಬೀಳುತ್ತದೆ. ಹತ್ತೇ ವರ್ಷಕ್ಕೆ, 1882ರ ಸ್ವತ್ತು ವರ್ಗಾವಣೆ ಕಾಯಿದೆ ಬಂದಾಗ, ಮನೆಯ ವಿಷಯದಲ್ಲಿ ಗೆರೆ ಬೇರೆ ಕಡೆ ಬಿತ್ತು. ಅದರ 55ನೆಯ ಕಲಮಿನ ಪ್ರಕಾರ, ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿರದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮಹತ್ವದ ದೋಷ ಸ್ವತ್ತಿನಲ್ಲಾಗಲಿ ಹಕ್ಕಿನಲ್ಲಾಗಲಿ ಇದ್ದರೆ ಅದನ್ನು ಹೇಳಲೇಬೇಕು. ಬೇರೆ ಕರಾರು ಇಲ್ಲದಿದ್ದಲ್ಲಿ ಹಾಗೆ ಹೇಳದಿರುವುದೇ ವಂಚನೆ. ಕುದುರೆ ಮಾರುವವನ ಮೌನಕ್ಕೆ ರಕ್ಷಣೆಯಿದೆ, ಮನೆ ಮಾರುವವನ ಮೌನಕ್ಕೆ ಇಲ್ಲ.

ಬೆಂಗಳೂರಿನಲ್ಲಿ ಇಂದು ಹಳೆಯ ಫ್ಲ್ಯಾಟ್ ಮಾರುವವರಿಗೂ ಈ ಕಲಮು ಅನ್ವಯಿಸುತ್ತದೆ. ನಮ್ಮ ಗಮನವೆಲ್ಲ ಖಾತೆ, ಋಣಭಾರ ಪತ್ರ, ತೆರಿಗೆ ರಸೀದಿಗಳ ಮೇಲಿರುವುದರಿಂದ ಹಕ್ಕಿನ ದೋಷವನ್ನು ವಕೀಲರು ಹುಡುಕುತ್ತಾರೆ. ಸ್ವತ್ತಿನ ದೋಷವನ್ನು ಹುಡುಕುವವರು ಅಪರೂಪ. 2016ರ ರೇರಾ ಕಾಯಿದೆ ಕಟ್ಟಡದ ದೋಷಕ್ಕೆ ಮನೆ ಒಪ್ಪಿಸಿದ ದಿನದಿಂದ ಐದು ವರ್ಷಗಳ ಹೊಣೆ ಹೊರಿಸಿದೆ. ಆದರೆ ಅದು ಬಿಲ್ಡರನ ಮೇಲೆ, ಹಮ್ಮುರಾಬಿಯ ಗೋಡೆಯ ನಿಯಮದ ದೂರದ ಮೊಮ್ಮಗನ ಹಾಗೆ. ಆ ಐದು ವರ್ಷ ಕಳೆದ ಮನೆ ಕೈ ಬದಲಾಯಿಸುವಾಗ ಉಳಿಯುವುದು ಮಾರುವವನ ಬಾಯಿಯೊಂದೇ.

ಆ ಬಾಯಿ ಯಾವಾಗ ತೆರೆಯಬೇಕು ಎಂಬ ಚರ್ಚೆ 20ನೆಯ ಶತಮಾನದಲ್ಲಿ ಬಿರುಸಾಗಿ ನಡೆದದ್ದು ಅಮೆರಿಕದಲ್ಲಿ, ಗೆದ್ದಲಿನ ನೆಪದಲ್ಲಿ. ಮ್ಯಾಸಚೂಸೆಟ್ಸಿನಲ್ಲಿ 1938ರಲ್ಲಿ ಬ್ಯಾಂಕೊಂದು ಗೆದ್ದಲು ಹಿಡಿದ ಮನೆಯನ್ನು ಮಾರಿತು. ಕೊಂಡವನಿಗೆ ತಿಳಿದದ್ದು ಎರಡು ವರ್ಷಗಳ ಮೇಲೆ. ಬ್ಯಾಂಕು ಸುಳ್ಳು ಹೇಳಿರಲಿಲ್ಲ, ನೋಡುವುದನ್ನು ತಡೆದಿರಲಿಲ್ಲ, ಬರಿಯ ಮೌನಕ್ಕೆ ಹೊಣೆಯಿಲ್ಲ ಎಂದು ಅಲ್ಲಿನ ನ್ಯಾಯಾಲಯ 1942ರಲ್ಲಿ ಹೇಳಿತು. 1960ರಲ್ಲಿ ವಾಷಿಂಗ್ಟನ್ ರಾಜ್ಯದಲ್ಲಿ ಇನ್ನೊಂದು ಗೆದ್ದಲಿನ ಮನೆಯ ಪ್ರಕರಣ ಬಂತು. ಇಲ್ಲಿ ಮಾರಿದವರು ಗೆದ್ದಲಿಗೆ ಅಷ್ಟಿಷ್ಟು ಚಿಕಿತ್ಸೆಯನ್ನೂ ಮಾಡಿಸಿದ್ದರು, ಆದರೆ ಗೆದ್ದಲು ಪೂರ್ತಿ ಹೋಗಿರಲಿಲ್ಲ. ಈ ಸಲ ನ್ಯಾಯಾಲಯ ಮಾರಿದವರಿಗೆ ವಿರುದ್ಧವಾಗಿ ತೀರ್ಪು ಕೊಟ್ಟಿತು. ಅರ್ಧ ರಿಪೇರಿ ಮಾಡಿಸಿದ್ದು ಹೇಳುವ ಹೊಣೆಯಿಂದ ಅವರನ್ನು ಬಿಡಿಸಲಿಲ್ಲ.

ಫ್ಲಾರಿಡಾದ ಸರ್ವೋಚ್ಚ ನ್ಯಾಯಾಲಯ 1985ರಲ್ಲಿ ತೀರ್ಮಾನಿಸಿದ ಜಾನ್ಸನ್ ವಿರುದ್ಧ ಡೇವಿಸ್ ಪ್ರಕರಣವಂತೂ ಸಣ್ಣ ಕುಂದಿನ ಕಥೆಯೇ. ಮೂರು ವರ್ಷವಷ್ಟೇ ಹಳೆಯ ಮನೆ, ಬೆಲೆ 3,10,000 ಡಾಲರ್. ಮುಂಗಡದ ದೊಡ್ಡ ಕಂತು ಕೊಡುವ ಮೊದಲು ಕೊಳ್ಳುವಾಕೆಗೆ ಕಿಟಕಿಯ ಚೌಕಟ್ಟಿನ ಬಳಿ ಗಾರೆ ಉಬ್ಬಿರುವುದು, ಸೂರಿನಲ್ಲಿ ಕಲೆಗಳಿರುವುದು ಕಂಡವು. ಕೇಳಿದ್ದಕ್ಕೆ, ಕಿಟಕಿಯದು ಸಣ್ಣ ತೊಂದರೆ, ಎಂದೋ ಸರಿಯಾಯಿತು, ಕಲೆಗಳು ಗೋಡೆಕಾಗದದ ಅಂಟಿನವು ಎಂಬ ಉತ್ತರ ಸಿಕ್ಕಿತು. ಕೆಲವು ದಿನಗಳಲ್ಲೇ ಜೋರು ಮಳೆ ಬಂತು. ಕಿಟಕಿಯ ಸುತ್ತ, ಸೂರಿನಿಂದ, ದೀಪದ ಬುರುಡೆಗಳ ಸಂದಿನಿಂದ ನೀರು ಸುರಿಯಿತು. ಸೋರುವುದು ಗೊತ್ತಿದ್ದ ಮೇಲೆ ಮಾರುವವರು ಹೇಳಬೇಕಿತ್ತು, ಮುಂಗಡ ಹಿಂದಿರುಗಿಸಿ ಎಂದಿತು ನ್ಯಾಯಾಲಯ. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾ ಮನೆಯ ಗುಣದೋಷಗಳನ್ನು ಮಾರುವವರೇ ಬರೆದುಕೊಡಬೇಕಾದ ನಮೂನೆಯನ್ನು ಕಾನೂನಾಗಿಸಿತು. ಡಯೋಜಿನೀಸ್ ಹಾಸ್ಯ ಮಾಡಿದ್ದ ಆ ಡಂಗುರ ಕಡೆಗೆ ಸರಕಾರಿ ಅರ್ಜಿಯಾಯಿತು.

ಹೀಗೆ ಎಲ್ಲವನ್ನೂ ಹೇಳಿದರೆ ಮಾರುವವನಿಗೆ ನಷ್ಟವಲ್ಲವೇ? ಇದಕ್ಕೆ 1970ರಲ್ಲಿ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಕೊಟ್ಟ ಉತ್ತರ ಯೋಚಿಸುವಂಥದು. ಅವನು ಬರೆದದ್ದು ಹಳೆಯ ಕಾರುಗಳ ಬಗ್ಗೆ. ಒಳ್ಳೆಯ ಕಾರು ಯಾವುದು, ಕೆಟ್ಟದ್ದು ಯಾವುದು ಎಂದು ಕೊಳ್ಳುವವನಿಗೆ ತಿಳಿಯದಿದ್ದರೆ ಅವನು ಎಲ್ಲ ಕಾರಿಗೂ ಅನುಮಾನದ ಬೆಲೆಯನ್ನೇ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನವನು ಮಾರಲು ಒಪ್ಪದೆ ಸಂತೆಯಿಂದ ಹೊರನಡೆಯುತ್ತಾನೆ. ಉಳಿಯುವುದು ಕೆಟ್ಟ ಕಾರುಗಳು. ಈ ಮಾತಿಗೆ 2001ರಲ್ಲಿ ಅವನಿಗೆ ನೊಬೆಲ್ ಪಾಲು ಸಿಕ್ಕಿತು. ಮನೆಗೂ ಇದು ಸಲ್ಲುತ್ತದೆ. ಎಲ್ಲರೂ ಮಾರುವ ಮುನ್ನ ಬಣ್ಣ ಬಳಿಸುವ ಊರಿನಲ್ಲಿ ಹೊಸ ಬಣ್ಣವೇ ಅನುಮಾನ ಹುಟ್ಟಿಸುತ್ತದೆ. ಪ್ರಾಮಾಣಿಕನೂ ಆ ಅನುಮಾನದ ಪಾಲು ತೆರುತ್ತಾನೆ.

ಕೆಲವೊಮ್ಮೆ ಚಿಕ್ಕ ರಿಪೇರಿಯೇ ದೊಡ್ಡ ಕೇಡಾಗುವುದೂ ಉಂಟು. ಅಮೆರಿಕದಲ್ಲಿ 1978ರಲ್ಲಿ ಮನೆಗಳಿಗೆ ಸೀಸದ ಬಣ್ಣ ಬಳಸುವುದನ್ನು ನಿಷೇಧಿಸಿದರು. ಅದಕ್ಕೂ ಹಳೆಯ ಮನೆ ಮಾರುವವರು ಗೊತ್ತಿರುವ ಸೀಸದ ಅಪಾಯವನ್ನು ತಿಳಿಸಬೇಕೆಂದು 1992ರ ಕಾನೂನು ವಿಧಿಸಿತು. ಗೋಡೆ ಅಂದವಾಗಲೆಂದು ಆ ಹಳೆಯ ಬಣ್ಣವನ್ನು ಉಜ್ಜಿ ಕೆರೆದರೆ ಸೀಸದ ಧೂಳೆದ್ದು ಮಕ್ಕಳ ಮೈ ಸೇರುತ್ತದೆ. ಅಲ್ಲಿ ಸುಮ್ಮನೆ ಬಿಟ್ಟು, ಇದ್ದದ್ದನ್ನು ಹೇಳುವುದೇ ಹೆಚ್ಚು ಹಿತ.

ಹಾಗಾದರೆ ನಲ್ಲಿ, ಬಾಗಿಲು, ಗೋಡೆಯ ಕಲೆಗಳ ವಿಚಾರದಲ್ಲಿ ಏನು ಮಾಡಬೇಕು? ಇಷ್ಟೂ ಚರಿತ್ರೆ ಒಂದು ಸರಳ ಪರೀಕ್ಷೆಯನ್ನು ಬಿಟ್ಟುಹೋಗಿದೆ ಎನಿಸುತ್ತದೆ: ಕೆಲಸ ಮುಗಿದ ಮೇಲೆ ಕೊಳ್ಳುವವನಿಗೆ ಮನೆಯ ಬಗ್ಗೆ ಗೊತ್ತಾಗುವುದು ಹೆಚ್ಚಿತೇ, ಕಡಿಮೆಯಾಯಿತೇ? ವಾಷರು ಬದಲಿಸಿದರೆ ಏನೂ ಮರೆಯಾಗುವುದಿಲ್ಲ, ಧಾರಾಳವಾಗಿ ಬದಲಿಸಬೇಕು. ಒಡೆದ ಸ್ವಿಚ್ಚು, ಸಡಿಲವಾದ ಚಿಲಕ, ಬಿರುಕುಬಿಟ್ಟ ಗಾಜು ಇವೂ ಹಾಗೆಯೇ. ಗೃಹಪ್ರವೇಶಕ್ಕೆ ಬಂದವರು ಮೊದಲ ದಿನವೇ ಎಲೆಕ್ಟ್ರಿಷಿಯನ್ನನ್ನು ಹುಡುಕದಂತೆ ಮಾಡುವುದು ಮರ್ಯಾದೆಯ ಕೆಲಸ. ತೇವದ ಕಲೆ, ಓರೆಯಾಗಿ ಹರಿದ ಬಿರುಕು, ಬಾಗಿದ ನೆಲ ಇವು ಬೇರೆ ವರ್ಗದವು. ಇವು ಕುಂದುಗಳೂ ಹೌದು, ಸಾಕ್ಷಿಗಳೂ ಹೌದು. ಮೂಲವನ್ನು ಸರಿಮಾಡಿಸಿ ಬಣ್ಣ ಬಳಿದರೆ, ಏನಾಗಿತ್ತು, ಯಾವಾಗ ಸರಿಮಾಡಿಸಿದ್ದು ಎಂದು ರಸೀದಿಯೊಡನೆ ಹೇಳಬಹುದು. ಮೂಲಕ್ಕೆ ಖರ್ಚು ಮಾಡುವ ಶಕ್ತಿಯಿಲ್ಲದಿದ್ದರೆ ಕಲೆಯನ್ನು ಇದ್ದ ಹಾಗೇ ಬಿಟ್ಟು ಬೆಲೆ ಇಳಿಸುವುದು ನ್ಯಾಯ. ಮೂಲ ಬಿಟ್ಟು ಕಲೆಯನ್ನಷ್ಟೇ ಅಳಿಸುವುದು ಸಾಕ್ಷಿಯನ್ನು ಊರು ಬಿಡಿಸಿದ ಹಾಗೆ.

ಕೊಳ್ಳುವವನ ಕಡೆಯಿಂದ ನೋಡಿದರೆ ಇದರ ತೂಕ ತಿಳಿಯುತ್ತದೆ. ನಮ್ಮಲ್ಲಿ ಹೆಚ್ಚಿನವರು ಜೀವಮಾನದಲ್ಲಿ ಒಂದೇ ಮನೆ ಕೊಳ್ಳುತ್ತಾರೆ, ಅದೂ ಇಪ್ಪತ್ತು ವರ್ಷಗಳ ಸಾಲ ಮಾಡಿ, ತಾಯಿಯ ಒಡವೆ ಅಡವಿಟ್ಟು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದ ಹಿರಿಯರು ಮನೆ ಕೊಂಡು ನೋಡು ಎನ್ನಲಿಲ್ಲ, ಅವರ ಕಾಲದಲ್ಲಿ ಅದು ಅಷ್ಟಾಗಿ ಇರಲಿಲ್ಲ. ಈಗ ಅರ್ಧ ಗಂಟೆ ಮನೆ ನೋಡಿ ಅರ್ಧ ಆಯುಷ್ಯದ ದುಡಿಮೆಯನ್ನು ಬರೆದುಕೊಡುವ ಕಾಲ. ಆ ಅರ್ಧ ಗಂಟೆಯಲ್ಲಿ ಗೋಡೆ ಹೇಳಬಹುದಾದ ಮಾತನ್ನು ಪುಟ್ಟಿ ತುಂಬಿ ತಡೆಯುವುದು ದೊಡ್ಡ ಅನ್ಯಾಯ. ಮಾರುವವರು ಕೀಲಿಕೈ ಕೊಡುವಾಗ, ಜೋರು ಮಳೆ ಬಂದರೆ ಆ ಮೂಲೆಯ ಮೇಲೊಂದು ಕಣ್ಣಿಟ್ಟಿರಿ ಎಂದು ಹೇಳಿದರೆ ಸಿಸಿರೋ ಮಗನಿಗೆ ಬರೆದ ಪಾಠವೂ 55ನೆಯ ಕಲಮೂ ಒಂದೇ ಮಾತಿನಲ್ಲಿ ಪಾಲನೆಯಾದಂತೆ.